ಬಾಗಿಲ ಕಡೆ ನೋಡುವ ಕೂಸುಗಳು

ಇಳಕಲ್ಲು, ಮೂರನೇ ಗುಂಡಿ.
ನೆರಳು ಕಟ್ಟಿದ ನೂರ ಹದಿನಾಲ್ಕನೇ ವರ್ಷ, ಹದಿಮೂರನೇ ತಿಂಗಳ ಮೂವತ್ನಾಲ್ಕನೇ ದಿನ.

ನಮಗಿಂತ ಮೊದಲು ಹೆರಿಗೆ ಮಾಡಿಸಿದ ಎಲ್ಲ ಅಕ್ಕಂದಿರಿಗೆ ಗುರಸಿದ್ದವ್ವನ ಶರಣು.

ಮೇಲಿನ ತಾರೀಖು ನೋಡಿ ಇದನ್ನು ಯಾರೋ ತಲೆ ಕೆಟ್ಟವರು ಬರೆದಿದ್ದಾರೆಂದು ನೀವು ಎತ್ತಿಡಬಹುದು. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು ಇದ್ದವೆಂದು ಓದಿದ್ದೇನೆ. ನಮಗೆ ಹದಿಮೂರು. ಬೇಸಿಗೆಯ ನಟ್ಟನಡುವಿನ, ಯಾವ ಕೆಲಸಕ್ಕೂ ಬಾರದ ಮೂವತ್ತೈದು ದಿನಗಳನ್ನು ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಕಿತ್ತು ಬೇರೆಯಾಗಿ ಇಟ್ಟರು. ಆ ತಿಂಗಳಿಗೆ ಹೆಸರಿಲ್ಲ. ಅದರಲ್ಲಿ ಮದುವೆ ಮಾಡುವುದಿಲ್ಲ, ಮಗ್ಗ ಹೂಡುವುದಿಲ್ಲ, ಒಂದು ಗುಂಡಿಯವರು ಇನ್ನೊಂದು ಗುಂಡಿಗೆ ನೆಂಟರಾಗಿ ಹೋಗುವುದಿಲ್ಲ. ಹೆರಿಗೆ ಮಾತ್ರ ಆಗುತ್ತದೆ. ಅದು ತಿಂಗಳು ನೋಡಿ ಬರುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಅರ್ಥ ಹೇಳುತ್ತ ಹೋಗುತ್ತೇನೆ. ನೀವು ಈ ನೆಲದಲ್ಲಿ ಕೊರೆದು ಬಿಟ್ಟುಹೋದ ಕೊಳವೆಬಾವಿಗಳು ಇನ್ನೂ ಬಾಯಿ ತೆರೆದುಕೊಂಡೇ ಇವೆ. ಹಿಂದಿನವರಿಗೆ ಏನಾದರೂ ಹೇಳುವುದಿದ್ದರೆ ಬರೆದು, ಸುತ್ತಿ, ಅದರೊಳಗೆ ಬಿಡುವುದು ನಮ್ಮ ಪದ್ಧತಿ. ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಿದ್ದ ಸದ್ದು ಮಾತ್ರ ಇವತ್ತಿನವರೆಗೆ ಯಾರೂ ಕೇಳಿಲ್ಲ.

ನಾನು ಸೂಲಗಿತ್ತಿ. ನಿಮ್ಮಲ್ಲಿ ಈ ಹೆಸರು ಓದು ಬಾರದ ಮುದುಕಿಯರಿಗೆ ಮಾತ್ರ ಉಳಿದಿತ್ತಂತೆ. ನಮ್ಮಲ್ಲಿ ನಾಲ್ಕು ವರ್ಷ ಓದಿ, ಪರೀಕ್ಷೆ ಕೊಟ್ಟು, ಹಿರಿಯರ ಎದುರು ಕೈ ತೊಳೆದು ತೋರಿಸಿದವಳಿಗೆ ಈ ಹೆಸರು ಸಿಗುತ್ತದೆ. ನನಗೆ ಸಿಕ್ಕು ಮೂವತ್ತಾರು ವರ್ಷವಾಯಿತು. ನಾವು ಇರುವುದು ನೀವು ಕೆಂಪು ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ. ಅವನ್ನೇ ಗುಂಡಿ ಎನ್ನುತ್ತೇವೆ. ಗುಂಡಿಯ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮನೆಗಳನ್ನು ಕೊರೆದಿದ್ದೇವೆ. ಮೇಲೆ, ಈ ಅಂಚಿನಿಂದ ಆ ಅಂಚಿಗೆ, ನೇಕಾರರು ನೇಯ್ದ ನೆರಳುಬಟ್ಟೆ ಬಿಗಿದಿದೆ. ಅದರ ಸೆರಗಿಗೆ ಈಗಲೂ ಹಳೆಯ ಕೆಂಪು ಬಣ್ಣವನ್ನೇ ಹಾಕುತ್ತಾರೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗಿನ ಸಮಯಕ್ಕೆ ಬಿಳಿ ಹೊತ್ತು ಎಂದು ಹೆಸರು. ಗಂಟೆ ಹೊಡೆದರೆ ಬಿಸಿಲಿಗೆ ಹೆದರಿ ಎಲ್ಲರೂ ಒಳಗೆ ಹೋಗುತ್ತಾರೆ. ಬಟ್ಟೆಯ ಕೆಳಗೂ ಬೆಳಕು ಹಾಲಿನಂತೆ ಬೆಳ್ಳಗೆ ನಿಂತುಬಿಡುತ್ತದೆ, ಯಾವ ವಸ್ತುವಿಗೂ ನೆರಳು ಬೀಳುವುದಿಲ್ಲ. ಮೂರು ಸಾವಿರ ಜನರಿರುವ ಗುಂಡಿಯಲ್ಲಿ ಒಂದು ಪಾತ್ರೆಯ ಸದ್ದೂ ಆಗುವುದಿಲ್ಲ. ನಿಮ್ಮವರು ಕತ್ತಲಿಗೆ ಹೆದರುತ್ತಿದ್ದರೆಂದು ಓದಿದಾಗ ನಮ್ಮ ಮಕ್ಕಳು ನಗುತ್ತಾರೆ. ನಮಗೆ ಹೆದರಿಕೆ ಮಧ್ಯಾಹ್ನದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕೂಸುಗಳು ಹುಟ್ಟಿದ ಕೂಡಲೇ ಅಳುವುದಿಲ್ಲ.

ಉಸಿರಾಡುತ್ತವೆ, ಮೈ ಕೆಂಪಗಿರುತ್ತದೆ, ಕೈಯಲ್ಲಿ ಹಿಡಿತ ಇರುತ್ತದೆ. ಆದರೆ ಬಾಯಿ ತೆರೆಯುವುದಿಲ್ಲ. ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತವೆ. ಕತ್ತು ಹೊರಳಿಸಲು ಬಾರದ ಆ ಜೀವವನ್ನು ಯಾವ ದಿಕ್ಕಿಗೆ ಮಲಗಿಸಿದರೂ ಕಣ್ಣುಗುಡ್ಡೆಯನ್ನಷ್ಟೇ ಸರಿಸಿ ಸರಿಸಿ ಬಾಗಿಲನ್ನು ಹುಡುಕಿಕೊಳ್ಳುತ್ತದೆ. ಹಿಂದೊಮ್ಮೆ ಎರಡನೇ ಗುಂಡಿಯಲ್ಲಿ ಬಾಗಿಲೇ ಇಲ್ಲದ ಕೋಣೆ ಮಾಡಿ, ಮೇಲಿನಿಂದ ಏಣಿ ಇಳಿಸಿ ಹೆರಿಗೆ ಮಾಡಿಸಿದರಂತೆ. ಕೂಸು ಏಣಿ ಇಳಿಸಿದ ತೂತನ್ನು ನೋಡುತ್ತಿತ್ತು. ನೋಟದಲ್ಲಿ ಹೆದರಿಕೆ ಇರುವುದಿಲ್ಲ. ಬರುತ್ತೇನೆಂದು ಹೇಳಿದ್ದ ಯಾರೋ ಬಂದು ನಿಂತಿದ್ದಾರೆ, ಗುರುತು ಸಿಕ್ಕಿತು, ಅಂಥ ನೋಟ. ಒಂದು ತಾಸು ಹೀಗೆ ನೋಡಿ ಕಣ್ಣು ಮುಚ್ಚಿ ನಿದ್ದೆ ಹೋಗುತ್ತದೆ. ಎದ್ದ ಮೇಲೆ ಎಲ್ಲ ಕೂಸುಗಳಂತೆ ಹಸಿವಿಗೆ ಅಳುತ್ತದೆ. ಆ ಒಂದು ತಾಸಿಗೆ ಸುಮ್ಮನ ಗಳಿಗೆ ಎನ್ನುತ್ತೇವೆ. ಯಾಕೆ ಹೀಗೆ ಎಂದು ಡಾಕ್ಟರುಗಳನ್ನೂ ಸ್ವಾಮಿಗಳನ್ನೂ ಕೇಳಿ ಆಯಿತು. ಯಾರಿಗೂ ಗೊತ್ತಿಲ್ಲ.

ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕೋಣೆಯಲ್ಲಿ ಒಬ್ಬಳೇ ಕೂತು ನೋಡುವುದು ಬೇರೆ. ನಾನು ಪಾಸಾದ ವರ್ಷ ಹನ್ನೊಂದು ಜನ ಹುಡುಗಿಯರು ಕೆಲಸಕ್ಕೆ ಸೇರಿದ್ದೆವು. ವರ್ಷ ಮುಗಿಯುವ ಹೊತ್ತಿಗೆ ಉಳಿದವರು ಆರು. ಕೆಲಸ ಬಿಟ್ಟ ಐವರಲ್ಲಿ ಒಬ್ಬಳು ಆಮೇಲೆ ಬಾಗಿಲಿದ್ದ ಕೋಣೆಯಲ್ಲಿ ಮಲಗುವುದನ್ನೇ ನಿಲ್ಲಿಸಿದಳು. ಆಮೇಲೆ ಹಿರಿಯರು ಕೂತು ನೆರಳುವರ್ಷ ಎಂಬ ಪದ್ಧತಿ ಮಾಡಿದರು. ಪಾಸಾದ ಹುಡುಗಿ ಮೊದಲ ಹದಿಮೂರು ತಿಂಗಳು ಒಬ್ಬ ಹಿರಿಯ ಸೂಲಗಿತ್ತಿಯ ಮನೆಯಲ್ಲೇ ಇರಬೇಕು. ಪ್ರತಿ ಹೆರಿಗೆಗೂ ಹಿರಿಯಳು ಜೊತೆಗೆ ಹೋಗಬೇಕು. ಅವಳಿಗೆ ನೆರಳಾಕಿ ಎಂದು ಹೆಸರು. ನೆರಳಾಕಿ ಕೆಲಸಕ್ಕೆ ಕೈ ಹಾಕುವುದಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಹೊಸಬಳ ಎದುರಿಗೆ ಕೂರುತ್ತಾಳೆ. ಹುಡುಗಿ ತಲೆ ಎತ್ತಿದಾಗ ಅವಳ ಕಣ್ಣಿಗೆ ಬರಿದಾದ ಬಾಗಿಲು ಬೀಳಬಾರದು, ಮನುಷ್ಯರ ಮುಖ ಬೀಳಬೇಕು. ಅಷ್ಟೇ ಅವಳ ಕೆಲಸ. ಹೆರಿಗೆ ಮುಗಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಉಣ್ಣಬೇಕು. ಆಗ ಹುಡುಗಿ ನಡೆದದ್ದನ್ನೆಲ್ಲ ಮೊದಲಿಂದ ಹೇಳಬೇಕು. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ ಎನ್ನುವ ಮಾತು ಮಾತ್ರ ನೆರಳಾಕಿಯ ಬಾಯಲ್ಲಿ ಬರಕೂಡದು.

ಒಂಬತ್ತು ವರ್ಷದ ಹಿಂದೆ ನನ್ನ ಪಾಲಿಗೆ ಬಂದವಳು ಚನ್ನಾಂಬಿಕಾ. ಎರಡನೇ ಗುಂಡಿಯ ನೇಕಾರರ ಮಗಳು, ಇಪ್ಪತ್ತಮೂರು ವರ್ಷ. ಎಲ್ಲರೂ ಚನ್ನಿ ಎನ್ನುತ್ತಿದ್ದರು. ಎಡಗೈ ಹುಡುಗಿ, ಆದ್ದರಿಂದ ನನ್ನ ಮನೆಯ ಸಾಮಾನೆಲ್ಲ ವಾರದೊಳಗೆ ಇನ್ನೊಂದು ಬದಿಗೆ ಹೋಯಿತು. ಕೆಲಸ ಮಾಡುವಾಗ ಮೂಗಿನಲ್ಲೇ ಏನೋ ರಾಗ ಎಳೆಯುತ್ತಿದ್ದಳು. ನಗಬಾರದ ಹೊತ್ತಿಗೆ ನಗು ಬರುತ್ತಿತ್ತು. ನೋವು ತಿನ್ನುವ ಹೆಂಗಸರು ಅವಳನ್ನು ಬೈದು, ಬೈಯುತ್ತಲೇ ತಾವೂ ನಗುತ್ತಿದ್ದರು. ಕೈ ಮೆತ್ತಗಿತ್ತು, ಕಣ್ಣು ಚುರುಕಾಗಿತ್ತು. ನನಗೆ ಮಕ್ಕಳಿಲ್ಲ. ಅವಳು ಬಂದ ಮೇಲೆ ಬಿಳಿ ಹೊತ್ತು ಬೇಗ ಸರಿಯುತ್ತಿತ್ತು ಎಂದರೆ ಸಾಕು.

ಅವಳ ಮೊದಲನೆಯ ಕೂಸು ಬಾಗಿಲ ಕಡೆ ನೋಡಿದಾಗ ಅವಳ ರಾಗ ನಿಂತಿತು. ರೊಟ್ಟಿಗೆ ಕೂತಾಗ ತುತ್ತು ಮುರಿದುಕೊಂಡು ಬಹಳ ಹೊತ್ತು ಹಾಗೇ ಹಿಡಿದಿದ್ದಳು.

"ಅಕ್ಕೋರ, ಅದು ಏನ್ ನೋಡಾಕತ್ತಿತ್ರಿ?"

"ಗೊತ್ತಿಲ್ಲವ್ವಾ."

"ನೀವು ಅಲ್ಲೇ ಕುಂತಿದ್ರಿ. ಅದು ನಿಮ್ಮನ್ನ ನೋಡವಲ್ದಾಗಿತ್ತು. ನಿಮ್ಮ ಹೆಗಲ ಮ್ಯಾಲಿಂದ ಹಾಯ್ಸಿ ನೋಡಾಕತ್ತಿತ್ತು."

"ನೋಡ್ಲಿ ಬಿಡು. ನೀ ಕಣ್ಣ ನೋಡಬ್ಯಾಡ. ಮೊದ್ಲ ಹೊಟ್ಟಿ ನೋಡು, ಏರಿ ಇಳೀತೈತೋ ಇಲ್ಲೋ. ಆಮ್ಯಾಲ ಹೊಕ್ಕಳಬಳ್ಳಿ ಹಿಡಿದು ನಾಡಿ ನೋಡು. ಕಣ್ಣು ಕಡೀಕ."

ಇದು ನಮ್ಮ ವಿದ್ಯೆಯ ಮೊದಲ ಪಾಠ. ನಿಮಗೆ ಅಳು ಇತ್ತು. ಅಳು ಕೇಳಿಸಿತೆಂದರೆ ಉಸಿರು ಬಂತೆಂದು ಗೋಡೆಯ ಆಚೆ ನಿಂತ ಅಜ್ಜಿಗೂ ಗೊತ್ತಾಗುತ್ತಿತ್ತು. ನಮಗೆ ಉಸಿರಾಡುವ ಕೂಸೂ ಸುಮ್ಮನಿರುತ್ತದೆ, ಉಸಿರಾಡದ ಕೂಸೂ ಸುಮ್ಮನಿರುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಒಂದು ನಿಮಿಷ ಸಿಗುತ್ತದೆ. ಉಸಿರಿಲ್ಲದಿದ್ದರೆ ಉಸಿರುಚೀಲ ಹಾಕಬೇಕು. ಅದು ಬಾಯಿ ಮೂಗಿನ ಮೇಲೆ ಇಟ್ಟು ಒತ್ತುವ ಚಿಕ್ಕ ಚೀಲ, ನಿಮ್ಮಲ್ಲೂ ಇಂಥದ್ದು ಇತ್ತು ಎಂದು ಓದಿದ್ದೇನೆ. ಚನ್ನಿ ಈ ಪಾಠ ಚೆನ್ನಾಗಿ ಕಲಿತಳು. ಏಳು ತಿಂಗಳಲ್ಲಿ ಇಪ್ಪತ್ತಾರು ಹೆರಿಗೆ ಮಾಡಿಸಿದಳು. ಅದರಲ್ಲಿ ಎರಡು ಕೂಸುಗಳಿಗೆ ಉಸಿರು ಕೊಟ್ಟು ಬದುಕಿಸಿದಳು.

ಎಂಟನೇ ತಿಂಗಳಲ್ಲಿ, ಒಂದು ದಿನ ಬೆಳಿಗ್ಗೆ ಗಂಟೆ ಹೊಡೆಯಲು ಸ್ವಲ್ಪವೇ ಹೊತ್ತಿರುವಾಗ ನಾಲ್ಕನೇ ಗುಂಡಿಯಿಂದ ಕರೆ ಬಂತು. ದಾವಲಬಿ ಎಂಬ ಹೆಣ್ಣುಮಗಳು, ಚೊಚ್ಚಲು, ನೋವು ಜೋರಾಗಿದೆ. ಇಲ್ಲಿಂದ ಅಲ್ಲಿಗೆ ಹೋಗಲು ಕಲ್ಲಿನ ಸುರಂಗವಿದೆ, ಆದರೆ ಕೊನೆಯ ನೂರು ಹೆಜ್ಜೆ ಬಯಲು. ಗಂಟೆಗೆ ಮುಂಚೆ ಅದನ್ನು ದಾಟಬೇಕೆಂದರೆ ಓಡಬೇಕು. ನನ್ನ ಮೊಣಕಾಲು ಆ ವಾರ ಊದಿಕೊಂಡಿತ್ತು. ಚನ್ನಿ ಹೆರಿಗೆಯ ಸಾಮಾನಿನ ಚೀಲ ಹೆಗಲಿಗೆ ಹಾಕಿ ನಿಂತಿದ್ದಳು. ನಾನು ಹೇಳಿದೆ:

"ನೀ ಹೋಗವ್ವಾ. ನಿಂಗೇನ್ ಬರಂಗಿಲ್ಲಂತ? ನಾ ಬಿಳಿ ಹೊತ್ತು ಇಳಿದ ಕೂಡ್ಲೆ ಬರ್ತೀನಿ."

ಅವಳು ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಏನೋ ಹೇಳುವವಳಂತೆ ತುಟಿ ಬಿಚ್ಚಿದಳು. ಆಮೇಲೆ "ಹೂಂರಿ" ಎಂದು ಹೊರಟುಹೋದಳು.

ಮೊಣಕಾಲು ಊದಿದ್ದು ನಿಜ. ಆದರೆ ಅದೊಂದೇ ಕಾರಣವಲ್ಲ ಎಂದು ನಿಮಗೆ ಬರೆಯಲೇಬೇಕು. ಆ ತಿಂಗಳು ಬಾಗಿಲಿಗೆ ಬೆನ್ನು ಕೊಟ್ಟು ಕೂರಲು ನನಗೆ ಆಗುತ್ತಿರಲಿಲ್ಲ. ಬಿಳಿ ಹೊತ್ತಿನಲ್ಲೇ ಆದ ಹಿಂದಿನ ಮೂರು ಹೆರಿಗೆಗಳಲ್ಲಿ, ಸುಮ್ಮನ ಗಳಿಗೆ ನಡೆದಿರುವಾಗ, ನನ್ನ ಕುತ್ತಿಗೆಯ ಹಿಂಭಾಗ ತಣ್ಣಗಾಗಿತ್ತು. ಈ ಊರಿನಲ್ಲಿ, ಆ ಹೊತ್ತಿನಲ್ಲಿ ತಣ್ಣಗಿರುವ ವಸ್ತು ಯಾವುದೂ ಇಲ್ಲ. ನಾನು ಯಾರಿಗೂ ಹೇಳಲಿಲ್ಲ. ಹುಡುಗಿಗೆ ಧೈರ್ಯ ಕೊಡಲು ಇಟ್ಟವಳು ನಾನು, ನನಗೇ ಹೆದರಿಕೆ ಎಂದು ಯಾರ ಮುಂದೆ ಹೇಳಲಿ? ಆ ದಿನ ಗಂಟೆ ಹೊಡೆಯಿತು. ನಾನು ಕಲ್ಲಿನ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗಿದೆ. ನಿದ್ದೆಯೂ ಬಂತು.

ನಾಲ್ಕರ ಗಂಟೆಗೆ ಎದ್ದು ಕುಂಟುತ್ತ ಹೋದೆ. ದಾವಲಬಿಯ ಮನೆ ಗುಂಡಿಯ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿಸಿತು. ಪುಸ್, ಪುಸ್, ಪುಸ್. ಉಸಿರುಚೀಲ ಒತ್ತುವ ಸದ್ದು. ಒಂದೇ ಸಮನೆ, ಯಂತ್ರದ ಹಾಗೆ. ಒಳಗೆ ಹೋದರೆ ಚನ್ನಿ ಮಂಡಿಯೂರಿ ಕೂತು ಒತ್ತುತ್ತಿದ್ದಳು. ಅವಳ ಎಡಗೈ ಬೆರಳುಗಳು ಮರಗಟ್ಟಿ ಬೆಳ್ಳಗಾಗಿದ್ದವು. ಕೂಸಿನ ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು. ಅದರ ಕಣ್ಣು ತೆರೆದೇ ಇತ್ತು. ದಾವಲಬಿಯ ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಚನ್ನಿಯ ಕೈ ಹಿಡಿದೆ. ಅವಳು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಆಮೇಲೆ ತಿಳಿದದ್ದು ಇಷ್ಟು. ಕೂಸು ಹನ್ನೆರಡರ ಸುಮಾರಿಗೆ ಹುಟ್ಟಿತು. ಕಣ್ಣು ತೆರೆದು ಬಾಗಿಲು ನೋಡಿತು. ಚನ್ನಿ ಬಳ್ಳಿ ಹಿಡಿದಳು, ನಾಡಿ ಹೊಡೆಯುತ್ತಿತ್ತು. ಹೊಟ್ಟೆ ನೋಡುವುದಿತ್ತು. ಅಷ್ಟರಲ್ಲಿ ತಲೆ ಎತ್ತಿದಳು. ಎದುರಿಗೆ ಬಾಗಿಲು, ಅದರಲ್ಲಿ ಯಾರೂ ಇಲ್ಲ, ಬೆಳ್ಳಗಿನ ಬೆಳಕು ಮಾತ್ರ. ಅವಳಿಗೆ ಅದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಎಷ್ಟು ಹೊತ್ತು ಎಂದು ಅವಳಿಗೇ ಗೊತ್ತಿಲ್ಲ. ಕೂಸೂ ಅವಳೂ ಒಂದೇ ಕಡೆ ನೋಡುತ್ತಿದ್ದರು. ಕೊನೆಗೆ ದಾವಲಬಿಯೇ ಎದ್ದು ಕೂತು, "ಇದರ ಕಣ್ಣು ಮಿಟುಕವಲ್ವು ನೋಡ್ರಿ" ಎಂದಳಂತೆ. ಆಗ ಚನ್ನಿ ಉಸಿರುಚೀಲ ತೆಗೆದುಕೊಂಡಳು. ಆಗಲೇ ತಡವಾಗಿತ್ತು. ಆದರೂ ನಾಲ್ಕು ತಾಸು ಒತ್ತಿದಳು.

ನಾನು ಕೂಸಿನ ಕಣ್ಣು ಮುಚ್ಚಲು ನೋಡಿದೆ. ಮುಚ್ಚಲಿಲ್ಲ. ಬಟ್ಟೆ ಸುತ್ತುವಾಗ ದಾವಲಬಿ ನನ್ನನ್ನು ನೋಡಿದಳು. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ನನಗೆ ಅವಳ ಪರಿಚಯವಿರಲಿಲ್ಲ. ಆದರೂ ಮೊದಲಿಂದ ಬಲ್ಲವಳ ಹಾಗೆ ಹೇಳಿದಳು:

"ನಿಮ್ಮನ್ನ ಕಾಯಾಕತ್ತಿತ್ರಿ ಅದು. ಬಾಗಿಲದಾಗ ನೀವು ಬರ್ತೀರಂತ."

ನಾನು ಬಟ್ಟೆ ಸುತ್ತಿ ಮುಗಿಸಿ ಕೂಸನ್ನು ಅವಳ ಮಡಿಲಿಗೆ ಇಟ್ಟೆ.

ಚನ್ನಿ ನನ್ನ ಮನೆಗೆ ಮರಳಲಿಲ್ಲ. ಎರಡನೇ ಗುಂಡಿಗೆ, ತಾಯಿಯ ಮನೆಗೆ ಹೋಗಿ ಒಳಕೋಣೆ ಸೇರಿದಳು. ಮಾತು ನಿಂತಿತು. ಹತ್ತನೇ ದಿನ ಸೂಲಗಿತ್ತಿಯರ ಸಭೆ ಕೂಡಿತು. ನಮ್ಮೆಲ್ಲರಿಗೆ ಹಿರಿಯಳು ಪಾರವ್ವ, ಆಗ ಎಂಬತ್ತು ದಾಟಿದ್ದಳು. ಕೆಲವರು ಹುಡುಗಿಯ ಹೆಸರು ಹೊಡೆದುಹಾಕಬೇಕು ಎಂದರು. ಹೊಟ್ಟೆ ನೋಡಲಿಲ್ಲ, ಮೊದಲ ಪಾಠವೇ ತಪ್ಪಿತು ಎಂದರು. ಗುರಸಿದ್ದವ್ವನ ಮೊಣಕಾಲು ಊದಿತ್ತು, ಆಕೆಯದೇನೂ ತಪ್ಪಿಲ್ಲ ಎಂದು ಸಭೆಯ ಕಾಗದದಲ್ಲಿ ಆಗಲೇ ಬರೆದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಅದನ್ನು ಓದುವವರೆಗೆ ನಾನು ಸುಮ್ಮನೇ ಇದ್ದೆ. ಓದಿ ಮುಗಿಸಿದ ಮೇಲೆ ಎದ್ದು ನಿಂತೆ.

"ನೆರಳಾಕಿ ನಾನು. ನಾ ಅಲ್ಲಿ ಇರ್ಲಿಲ್ಲ. ಕಾಲು ಊದಿತ್ತು ಖರೆ, ಆದರ ಅವತ್ತ ತೆವಳಿಕೊಂಡಾದ್ರೂ ಹೋಗಬಹುದಿತ್ತು. ನಾ ಹೆದರಿ ಉಳಕೊಂಡೆ. ಬಾಗಿಲಿಗೆ ಬೆನ್ನು ಕೊಟ್ಟು ಕುಂದ್ರಾಕ ನಂಗ ಆಗವಲ್ದಾಗಿತ್ತು."

ಕೂತವರು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಅದು ನನ್ನ ಮೇಲಿನ ನಾಚಿಕೆಯಲ್ಲ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕುತ್ತಿಗೆಯ ಸಂಗತಿ ಹೇಳಿದ ಮೇಲೆ ಅವರೂ ಬಾಯಿಬಿಟ್ಟರು: ಅಲ್ಲಿದ್ದ ಹದಿನೇಳು ನೆರಳಾಕಿಯರಿಗೂ ಕುತ್ತಿಗೆ ತಣ್ಣಗಾಗುತ್ತಿತ್ತು. ಹದಿನೇಳು ಮಂದಿಯೂ ಅದುವರೆಗೆ ಯಾರಿಗೂ ಹೇಳದೆ ಇದ್ದರು. ಪಾರವ್ವ ತನ್ನ ಕುತ್ತಿಗೆ ಸವರಿಕೊಂಡಳು.

"ಹುಡುಗಿ ನೆರಳುವರ್ಷ ಮೊದ್ಲಿಂದ ಸುರು ಆಗ್ಲಿ" ಎಂದಳು. "ಗುರಸಿದ್ದಿ, ನೀನ ತಪ್ಪಿಸಿದಿ. ನೀನ ಹೋಗಿ ಕುಂದರು."

ಆದರೆ ಹುಡುಗಿ ಬಾಗಿಲು ತೆಗೆಯಬೇಕಲ್ಲ. ನಾನು ದಿನವೂ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಅವಳ ತಾಯಿಯ ಮನೆಗೆ ಹೋಗತೊಡಗಿದೆ. ತಾಯಿ ಮಗ್ಗದ ಮೇಲಿಂದ ಏಳದೆ ಹೇಳಿದಳು: "ಆಕಿ ಮಾತಾಡಂಗಿಲ್ರಿ. ಕುಂದರ್ತೀರಂದ್ರ ಕುಂದರ್ರಿ." ಒಳಕೋಣೆಯ ಬಾಗಿಲ ಹೊರಗೆ ಕೂರುತ್ತಿದ್ದೆ. ಅರ್ಧ ರೊಟ್ಟಿ ತಿಂದು ಅರ್ಧವನ್ನು ಬಾಗಿಲ ಕೆಳಗೆ ಸರಿಸುತ್ತಿದ್ದೆ. ಕೆಲವು ದಿನ ಅದು ಹಾಗೇ ಇರುತ್ತಿತ್ತು. ಕೆಲವು ದಿನ ಇರುತ್ತಿರಲಿಲ್ಲ. ಮೂರನೇ ವಾರ, ಮಗ್ಗ ಸುಮ್ಮನಾಗಿದ್ದ ಒಂದು ಬೆಳಿಗ್ಗೆ, ಯಾರಿಗೂ ಹೇಳದ ಒಂದು ಸಂಗತಿಯನ್ನು ಬಾಗಿಲಿಗೆ ಬಾಯಿಟ್ಟು ಹೇಳಿದೆ. ನನ್ನ ಮೊದಲ ವರ್ಷದಲ್ಲಿ ನೆರಳಾಕಿಯರು ಇರಲಿಲ್ಲ. ನನ್ನ ಮೂರನೇ ಹೆರಿಗೆಯಲ್ಲಿ ಕೂಸು ಬಾಗಿಲ ಕಡೆ ನೋಡಿತು. ನಾನು ಬಳ್ಳಿ ಹಿಡಿಯಲಿಲ್ಲ, ಹೊಟ್ಟೆ ನೋಡಲಿಲ್ಲ. ಕೂಸನ್ನು ಹಾಸಿಗೆಯ ಮೇಲೆ ಇಟ್ಟು ಹೊರಗೆ ಓಡಿಬಂದು, ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ನಿಂತಿದ್ದೆ. ಒಳಗೆ ಹೋಗಲು ಧೈರ್ಯ ಬಂದಾಗ ಕೂಸು ನಿದ್ದೆ ಹೋಗಿತ್ತು. ಕೂಸಿನ ತಾಯಿ ನನಗೆ ಕೈ ಮುಗಿದಳು.

"ನಂದು ತಾನಾಗೇ ಉಸಿರಾಡ್ತು ಚನ್ನಿ. ನಿಂದು ಉಸಿರಾಡ್ಲಿಲ್ಲ. ನಿಂಗೂ ನಂಗೂ ಅಷ್ಟ ಫರಕು. ನೀ ಒಳಗರ ಇದ್ದಿ. ನಾ ಓಡಿಹೋಗಿದ್ದೆ."

ಆಮೇಲೆ, ಬಾಗಿಲಿಗೆ ಅಂಟಿಕೊಂಡೇ ಕೂತಿದ್ದಳೆಂದು ತೋರುತ್ತದೆ, ನನ್ನ ಕಿವಿಯ ಹತ್ತಿರವೇ ದನಿ ಬಂತು.

"ಅವತ್ತ ಬಾಗಿಲದಾಗ ನಿಂತೆ ನೋಡ್ರಿ ಅಕ್ಕೋರ... ನೀವೂ ಬರ್ರಿ ಅನ್ನೂದಿತ್ತು."

"ಯಾಕ ಅನ್ಲಿಲ್ಲವ್ವಾ?"

"ನಾಚಿಕಿ ಬಂತ್ರಿ. ಏಳು ತಿಂಗಳಾದ ಮ್ಯಾಲೂ ಹೆದರಿಕಿ ಅಂದ್ರ ನಗ್ತೀರಂತ."

ನಾನು ಬಾಗಿಲಿಗೆ ತಲೆ ಕೊಟ್ಟು ಅತ್ತೆ. ಅವಳೂ ಅಳುತ್ತಿದ್ದಳು. ಅವಳ ತಾಯಿ ಬಂದು ನನ್ನ ಪಕ್ಕ ಕೂತಳು.

ದಾವಲಬಿ ನಮ್ಮನ್ನು ಕ್ಷಮಿಸಲಿಲ್ಲ. ಕ್ಷಮಿಸಬೇಕೆಂದು ನಾನು ಕೇಳಲೂ ಇಲ್ಲ. ಎರಡು ವರ್ಷದ ನಂತರ ಅವಳು ಮತ್ತೆ ಬಸುರಾದಳು, ಏಳನೇ ಗುಂಡಿಗೆ ಹೋಗಿ ಬೇರೆಯವರ ಕೈಯಲ್ಲಿ ಹೆತ್ತಳು. ದಾರಿಯಲ್ಲಿ ಸಿಕ್ಕರೆ ಈಗಲೂ ಚನ್ನಿಯನ್ನು ನೋಡುವುದಿಲ್ಲ. ನನ್ನನ್ನು ನೋಡುತ್ತಾಳೆ. ಅದು ಹೆಚ್ಚು ಕಷ್ಟ.

ಚನ್ನಿ ಮತ್ತೆ ಚೀಲ ಹೆಗಲಿಗೆ ಹಾಕಿದ್ದು ನಾಲ್ಕು ತಿಂಗಳ ನಂತರ. ಒಂದನೇ ಗುಂಡಿ, ನೀರು ಸೋಸುವವರ ಮನೆ. ಅದೂ ಬಿಳಿ ಹೊತ್ತೇ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಕೂರುವ ಮೊದಲು ಅವಳಿಗೆ ಹೇಳಿದೆ: "ನಂಗ ಹೆದರಿಕಿ ಆಗೇತಿ ನೋಡು." ಅವಳು "ನಂಗೂರಿ" ಎಂದಳು. ಕೂಸು ಹುಟ್ಟಿತು. ಕಣ್ಣು ತೆರೆಯಿತು. ನನ್ನ ಹೆಗಲ ಮೇಲಿಂದ ಹಾಯ್ದು ಬಾಗಿಲು ನೋಡಿತು. ಕೋಣೆ ಸುಮ್ಮನಾಯಿತು, ನನ್ನ ಕುತ್ತಿಗೆ ತಣ್ಣಗಾಯಿತು. ಆಗ ಚನ್ನಿ ಪುಸ್ತಕದಲ್ಲಿಲ್ಲದ ಒಂದು ಕೆಲಸ ಮಾಡಿದಳು. ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಅದು ಏರಿದ ಹಾಗೆಲ್ಲ ಗಟ್ಟಿಯಾಗಿ ಎಣಿಸಲು ಶುರುಮಾಡಿದಳು. ಒಂದು. ಎರಡು. ಮೂರು. ಹತ್ತಕ್ಕೆ ಬಂದಾಗ ತಾಯಿಯೂ ಜೊತೆಗೆ ಎಣಿಸಿದಳು. ಹದಿನೈದಕ್ಕೆ ಪಕ್ಕದ ಮನೆಯಿಂದ ಯಾರೋ ದನಿಗೂಡಿಸಿದರು. ಬಿಳಿ ಹೊತ್ತಿನಲ್ಲಿ ಗುಂಡಿಯಲ್ಲಿ ಇಷ್ಟು ಮನುಷ್ಯರ ದನಿ ಒಟ್ಟಿಗೆ ಎದ್ದದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ಕೇಳಿದೆ. ನಲವತ್ತಕ್ಕೆ ಕೂಸು ಬಾಗಿಲಿಂದ ಕಣ್ಣು ತೆಗೆಯಿತು. ತೆಗೆದು, ಎಣಿಸುತ್ತಿದ್ದ ಚನ್ನಿಯ ಬಾಯಿ ನೋಡಿತು. ಅದೇ ಕ್ಷಣದಲ್ಲಿ ನನ್ನ ಬೆನ್ನ ಹಿಂದೆ ಏನೋ ಸರಿದಂತಾಯಿತು, ಬಹಳ ಹೊತ್ತು ನಿಂತವರು ಕಾಲು ಬದಲಿಸುತ್ತಾರಲ್ಲ, ಹಾಗೆ. ಬಿಸಿಗಾಳಿ ಇರಬಹುದು. ನಾನು ತಿರುಗಿ ನೋಡಲಿಲ್ಲ.

ಈಗ ಎಲ್ಲ ಗುಂಡಿಗಳಲ್ಲೂ ಎಣಿಸುತ್ತಾರೆ. ಆಮೇಲಿಂದ ನಮ್ಮ ಗುಂಡಿಗಳಲ್ಲಿ ಉಸಿರಿಲ್ಲವೆಂದು ನಮಗೆ ತಿಳಿಯದೆ ಜೀವ ಬಿಟ್ಟ ಕೂಸು ಒಂದೂ ಇಲ್ಲ. ಹೊಸ ಹುಡುಗಿ ಒಬ್ಬಳೇ ಹೋಗುವುದಿಲ್ಲ ಎಂದರೆ ಯಾರೂ ನಗಬಾರದು ಎಂಬ ಕಟ್ಟಳೆಯೂ ಆಯಿತು. ಚನ್ನಿ ಈಗ ಸ್ವತಃ ನೆರಳಾಕಿ. ಹೋದ ತಿಂಗಳು ಅವಳ ಮನೆಗೆ ಬಂದ ಹುಡುಗಿಗೆ ಮೊದಲ ದಿನ ಅವಳು ಹೇಳಿದ್ದು, ತಾನು ಕೊಂದ ಕೂಸಿನ ಕಥೆ. ಕೊಂದ ಎನ್ನುವ ಮಾತು ಅವಳದ್ದೇ. ನಾನು ತಿದ್ದಲು ಹೋದರೆ, "ಇರ್ಲಿ ಬಿಡ್ರಿ ಅಕ್ಕೋರ, ಆಕಿಗೆ ಗೊತ್ತಾಗ್ಲಿ, ಹಿಂಗಾದ ಮ್ಯಾಲೂ ಬದುಕ್ತಾರಂತ" ಎಂದಳು.

ಇಷ್ಟನ್ನು ನಿಮಗೇ ಯಾಕೆ ಬರೆದೆ ಎಂದು ಹೇಳಿ ಮುಗಿಸುತ್ತೇನೆ. ಪಾರವ್ವ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಯನ್ನು ನಾನು ತೆರೆದೆ. ಅದರಲ್ಲಿ ನಿಮ್ಮ ಕಾಲದ ಹೆರಿಗೆ ರಿಜಿಸ್ಟರಿನ ಒಂದು ಹಾಳೆ ಇತ್ತು. ಊರಿನ ಹೆಸರು ಹರಿದುಹೋಗಿದೆ. ತಾರೀಖಿನ ಕಡೆಯ ಅಂಕಿ ಅಳಿಸಿದೆ. ಉಳಿದದ್ದನ್ನು ನೋಡಿದರೆ ಅದು ನೀವು ಇದನ್ನು ಓದುವ ವರ್ಷವೂ ಇರಬಹುದು. ಹಾಳೆಯ ಮೇಲಿರುವುದೆಲ್ಲ ಒಂದೇ ಕೈಬರಹ, ಉರುಟಾದ, ಶಾಲೆಯ ಹುಡುಗಿಯರ ಬರಹ. ಹೊಸಬಳು. ಸಹಿಯ ಪಕ್ಕ, ಕೆಲಸಕ್ಕೆ ಸೇರಿ ಎಷ್ಟು ದಿನವಾಯಿತೆಂದು ತನಗಾಗಿಯೇ ಗುರುತು ಹಾಕಿಕೊಂಡಿದ್ದಾಳೆ: ನಲವತ್ತೊಂದು. ಸಾಲುಗಳೆಲ್ಲ ಒಂದೇ ತರಹ ಇವೆ. ಗಂಡು, ಹೆಣ್ಣು, ತೂಕ, ಅತ್ತಿತು. ಅತ್ತಿತು. ಅತ್ತಿತು. ಕಡೆಯ ಸಾಲಿನಲ್ಲಿ ಮಾತ್ರ ಬೇರೆ ಬರೆದಿದ್ದಾಳೆ. 'ಅಳಲಿಲ್ಲ. ಉಸಿರಾಟ ಚೆನ್ನಾಗಿದೆ. ಬಾಗಿಲ ಕಡೆ ನೋಡುತ್ತಿತ್ತು.' ಆಮೇಲೆ ಕಡೆಯ ಮೂರು ಶಬ್ದಗಳನ್ನು ತಾನೇ ಹೊಡೆದುಹಾಕಿದ್ದಾಳೆ. ಪೆನ್ನು ಒತ್ತಿ, ಹಾಳೆ ಹರಿಯುವ ಹಾಗೆ.

ಅದಕ್ಕೂ ಹಿಂದೆ ಇಂಥ ಕೂಸಿನ ದಾಖಲೆ ನಮಗೆ ಎಲ್ಲೂ ಸಿಕ್ಕಿಲ್ಲ. ಅವಳೇ ಮೊದಲನೆಯವಳು ಎಂದು ನನ್ನ ನಂಬಿಕೆ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಲು ಅವಳ ಪಕ್ಕದಲ್ಲಿ ಯಾರೂ ಇದ್ದಿರಲಾರರು. ಅವಳು ಅವತ್ತೇ ಹೇಳಿದ್ದರೆ, ಯಾರಾದರೂ ಕೇಳಿದ್ದರೆ, ಹೋಗಿ ಆ ಬಾಗಿಲನ್ನು ನೋಡಿದ್ದರೆ, ಅಲ್ಲಿ ನಿಂತದ್ದು ಏನೆಂದು, ಅದು ಇನ್ನೂ ಚಿಕ್ಕದಿದ್ದಾಗಲೇ, ತಿಳಿಯುತ್ತಿತ್ತೋ ಏನೋ.

ಅಕ್ಕಂದಿರೇ, ನಿಮ್ಮಲ್ಲಿ ಹೊಸದಾಗಿ ಪಾಸಾಗಿ, ಮಡಿಕೆಯ ಗೆರೆ ಮಾಸದ ಸೀರೆಯುಟ್ಟು, ದೂರದ ಊರಿನ ಎರಡು ಕೋಣೆಯ ಆಸ್ಪತ್ರೆಗೆ ಒಬ್ಬಳೇ ಹೋದ ಹುಡುಗಿಯರು ಇದ್ದಾರೆ. ಫೋನ್ ಮಾಡಿದರೆ "ಎಲ್ಲಾ ಆರಾಮ್ರಿ" ಎನ್ನುತ್ತಾರೆ. ನಂಬಬೇಡಿ. ಎದ್ದು ಹೋಗಿ. ರೊಟ್ಟಿ ಕಟ್ಟಿಕೊಂಡು ಹೋಗಿ. ನಿಮಗೂ ಹೆದರಿಕೆಯಾಗಿತ್ತು ಎಂದು ಮೊದಲು ನೀವು ಹೇಳಿ. ಆಮೇಲೆ ಕೇಳಿ. ಅವರಲ್ಲಿ ಒಬ್ಬಳು ತುತ್ತು ಕೈಯಲ್ಲೇ ಹಿಡಿದು, ನಿಮ್ಮ ಮುಖ ನೋಡದೆ, ಒಂದು ಕೂಸು ಅಳಲಿಲ್ಲ, ಸುಮ್ಮನೆ ನೋಡುತ್ತಿತ್ತು ಎಂದು ಶುರುಮಾಡಿದರೆ ನಗಬೇಡಿ, ಗಡಿಯಾರ ನೋಡಬೇಡಿ. ಎಷ್ಟು ಹೊತ್ತಾದರೂ ಆಗಲಿ, ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ಕೂತಿರಿ.

ನಿಮ್ಮವಳೇ,
ಗುರಸಿದ್ದವ್ವ ಕಂದಗಲ್ಲ
ಸೂಲಗಿತ್ತಿ